ಪಾಠದ ಮಧ್ಯೆ ಗಮನ ಜಾರುವ ಮಗುವಿಗೆ ತರಗತಿಯಲ್ಲಿ ಏನು ಮಾಡಬಹುದು: ಟೀಚರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಬೋರ್ಡಿನ ಮೇಲೆ ಐದು ಗುಣಾಕಾರದ ಲೆಕ್ಕ ಬರೆದಿದ್ದೆ. ಎಲ್ಲರೂ ಇಳಿಸಿಕೊಳ್ಳುತ್ತಿದ್ದರು. 4ನೇ ತರಗತಿಯ ಒಬ್ಬ ಹುಡುಗನ ಪಕ್ಕ ಹೋಗಿ ಸುಮ್ನೆ ಕೂತೆ. ಬೈಯಲಿಕ್ಕಲ್ಲ, ಅವನು ಏನು ಮಾಡುತ್ತಾನೆ ಅಂತ ನೋಡಲಿಕ್ಕೆ. ತಲೆ ಎತ್ತಿ 46 ಅಂತ ನೋಡಿದ. ತಲೆ ತಗ್ಗಿಸಿದ. ಪುಟದ ಮೇಲೆ ರಬ್ಬರಿನ ಪುಡಿ ಕಂಡಿತು, ಊದಿದ. 4 ಬರೆದ. ಮತ್ತೆ ತಲೆ ಎತ್ತಿದ, ಈ ಸಲ ಕಣ್ಣು ಎರಡನೇ ಲೆಕ್ಕದ 83ರ ಮೇಲೆ ಹೋಯಿತು. 4ರ ಮುಂದೆ 3 ಬರೆದ. ಹೊರಗೆ ಅಡುಗೆಯವರು ಪಾತ್ರೆ ಇಟ್ಟ ಸದ್ದಾಯಿತು, ಆ ಕಡೆ ತಿರುಗಿದ. ಹತ್ತು ನಿಮಿಷ ಆದ ಮೇಲೆ ಪುಟದಲ್ಲಿ ಇದ್ದದ್ದು ಒಂದೂವರೆ ಲೆಕ್ಕ, ಅದೂ ತಪ್ಪು ಸಂಖ್ಯೆ. ಆಗ ಬಾಯಲ್ಲಿ ಕೇಳಿದೆ, "ಏಳಾರ್ಲ ಎಷ್ಟು ಪುಟ್ಟಾ?" "ನಲವತ್ತೆರಡು ಮಿಸ್." ಥಟ್ಟನೆ ಬಂತು ಉತ್ತರ.

ಮಗ್ಗಿ ಬರುತ್ತಿತ್ತು. ಗುಣಿಸಲೂ ಬರುತ್ತಿತ್ತು. ಕೈಕೊಡುತ್ತಿದ್ದದ್ದು ಬೋರ್ಡಿನಿಂದ ಪುಸ್ತಕಕ್ಕೆ ದಾಟುವ ಆ ಎರಡು ಸೆಕೆಂಡು. ಜೂನ್‌ನಿಂದ ಅಲ್ಲಿಯವರೆಗೆ ನಾನು ಅವನಿಗೆ ದಿನಕ್ಕೆ ಹತ್ತು ಸಲ "ಗಮನ ಕೊಡು" ಅಂತ ಹೇಳಿದ್ದೆ. ಆ ಮಾತು ಅವನ ಯಾವ ಕೆಲಸಕ್ಕೂ ಬಂದಿರಲಿಲ್ಲ.

ಅವತ್ತಿನಿಂದ ನಾನು ಹಿಡಿದುಕೊಂಡ ದಾರಿ ಇದು. ತಾನು ಏನು ಮಾಡಬೇಕು ಅಂತ ಇಂಥ ಮಗುವಿಗೆ ಗೊತ್ತಿರುತ್ತದೆ. ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲು ಆಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬುದ್ಧಿ ಹೇಳಿದರೂ, ಸಂಜೆ ಹೊರಗೆ ನಿಲ್ಲಿಸಿದರೂ ಏನೂ ಬದಲಾಗುವುದಿಲ್ಲ. ನಮ್ಮ ಸಹಾಯ ಅವನ ಡೆಸ್ಕಿನ ಮೇಲೆ, ಅವನು ಜಾರುವ ಆ ನಿಮಿಷದಲ್ಲೇ ಇರಬೇಕು. ಮುಂದಿನ ಎಲ್ಲಾ ಹೆಜ್ಜೆಗಳೂ ಇದೊಂದೇ ಮಾತಿನ ಮೇಲೆ ನಿಂತಿವೆ. 40 ಮಕ್ಕಳ ಕೋಣೆಯಲ್ಲಿ ಒಬ್ಬರೇ ಪಾಠ ಮಾಡುವವರಿಗೆ ಆಗುವಂಥದ್ದನ್ನು ಮಾತ್ರ ಬರೆದಿದ್ದೇನೆ.

ಮೊದಲು, ಇದು ಏನು?

ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಅನ್ನುವ ಹೆಸರು ಈಗ ತುಂಬಾ ಜನ ಕೇಳಿರುತ್ತಾರೆ. ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮೊದಲೇ ಮಾಡಿಬಿಡುವುದು, ಇವು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಇರುತ್ತವೆ. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ ಅಂತ ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳ ಅಂದಾಜು. ಅಂದರೆ ನಮ್ಮ ಪ್ರತಿ ತರಗತಿಯಲ್ಲೂ ಒಂದೋ ಎರಡೋ ಮಗು.

ಮೆದುಳಿನ ಬೆಳವಣಿಗೆಯ ವಿಷಯ ಇದು, ಹಟದ್ದಲ್ಲ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಮಕ್ಕಳ ಮೆದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದರು. ಮೆದುಳಿನ ಹೊರಪದರ ಬೆಳೆಯುವ ಒಂದು ಹಂತವನ್ನು ಬೇರೆ ಮಕ್ಕಳು ಸುಮಾರು 7.5 ವರ್ಷಕ್ಕೆ ಮುಟ್ಟಿದ್ದರೆ, ಎಡಿಎಚ್‌ಡಿ ಇರುವ ಮಕ್ಕಳು ಸುಮಾರು 10.5 ವರ್ಷಕ್ಕೆ ಮುಟ್ಟಿದ್ದರು. ತಡ ಎಲ್ಲಕ್ಕಿಂತ ಎದ್ದು ಕಂಡದ್ದು ಹಣೆಯ ಹಿಂದಿನ ಭಾಗದಲ್ಲಿ. ಗಮನ ಹಿಡಿದಿಡುವುದು, ತಡೆದುಕೊಳ್ಳುವುದು ಅದೇ ಭಾಗದ ಕೆಲಸ. ನಾನಂತೂ ಈಗ 4ನೇ ತರಗತಿಯ ಇಂಥ ಮಗು ಚಡಪಡಿಸಿದಾಗ, ಒಂದನೇ ತರಗತಿಯ ಮಗು ಇಷ್ಟು ಹೊತ್ತು ಕೂರುತ್ತಿತ್ತಾ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಸಿಟ್ಟು ಅರ್ಧ ಇಳಿಯುತ್ತದೆ.

ಸಕ್ಕರೆ ತಿಂದಿದ್ದರಿಂದ ಇದು ಬರುವುದಿಲ್ಲ. ತಾಯಿ ಮುದ್ದು ಮಾಡಿದ್ದರಿಂದಲೂ ಬರುವುದಿಲ್ಲ. ವಂಶದಲ್ಲಿ ಹರಿದು ಬರುವುದು ಜಾಸ್ತಿ. ಎಷ್ಟೋ ಸಲ ಅಪ್ಪ "ನಾನೂ ಹೀಗೇ ಇದ್ದೆ ಮೇಡಂ" ಅಂತಾರೆ, ಅಲ್ವಾ?

ನಮ್ಮ ಸರ್ಕಾರಿ ಶಾಲೆಗಳ ಬಗ್ಗೆ ಒಂದು ಮಾತು. 1ರಿಂದ 3ನೇ ತರಗತಿವರೆಗೆ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ ಇರುತ್ತದೆ. ಎದ್ದು ಹೋಗಿ ಕಾರ್ಡು ತರಬಹುದು, ಕಲಿಕಾ ಏಣಿ ನೋಡಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ತಿಳಿಯಬಹುದು, ಒಂದು ತಟ್ಟೆಯಿಂದ (ಮಕ್ಕಳು ಕೂರುವ ಗುಂಪು) ಇನ್ನೊಂದಕ್ಕೆ ಹೋಗಬಹುದು, ತನ್ನ ವೇಗದಲ್ಲಿ ಕಲಿಯಬಹುದು. ಓಡಾಡುವ ಮಗುವಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ನಾನು ಕಂಡಿಲ್ಲ. 4ನೇ ತರಗತಿಗೆ ಬಂದ ಕೂಡಲೇ ಬೆಂಚು, ಬೋರ್ಡು, 40 ನಿಮಿಷದ ಪಾಠ. ಮೂರು ವರ್ಷ ಚುರುಕು ಅನ್ನಿಸಿಕೊಂಡವನು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಕಿರಿಕಿರಿ ಅನ್ನಿಸಿಕೊಳ್ಳುತ್ತಾನೆ. ಮಗು ಬದಲಾಗಿರುವುದಿಲ್ಲ. ಅವನನ್ನು ಹಿಡಿದಿದ್ದ ಏಣಿಯನ್ನು ನಾವು ತೆಗೆದಿರುತ್ತೇವೆ. ಮುಂದೆ ಹೇಳುವ ಹಲವು ವಿಷಯ ಆ ಏಣಿಯನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ಇಡುವ ಕೆಲಸ ಅಷ್ಟೇ.

ಹೆಜ್ಜೆ 1: ಒಂದು ವಾರ ನೋಡಿ, ಬರೆದಿಡಿ

ಏನೂ ಬದಲಾಯಿಸಬೇಡಿ. ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಎರಡು ಸಲ, ಐದೈದು ನಿಮಿಷ ಆ ಮಗುವನ್ನು ಮಾತ್ರ ನೋಡಿ. ಯಾವ ಪಿರಿಯಡ್, ಏನು ಕೆಲಸ ಕೊಟ್ಟಿದ್ದೆ, ಎಷ್ಟು ನಿಮಿಷಕ್ಕೆ ಜಾರಿತು, ಜಾರುವ ಮೊದಲು ಏನಾಯಿತು. ಈ ನಾಲ್ಕು ಸಾಕು. "ಯಾವಾಗಲೂ ಹೀಗೇ" ಅಂತ ನಮಗೆ ಅನ್ನಿಸಿರುತ್ತದೆ. ಬರೆದು ನೋಡಿದರೆ ಹಾಗಿರುವುದಿಲ್ಲ. ನನ್ನ ಹುಡುಗ ಕನ್ನಡ ಪದ್ಯ ಹಾಡುವಾಗ ಪೂರ್ತಿ ಇದ್ದ, ಇಳಿಸಿಕೊಳ್ಳುವಾಗ ಮೂರು ನಿಮಿಷಕ್ಕೆ ಜಾರುತ್ತಿದ್ದ, ಊಟಕ್ಕೆ ಮುಂಚಿನ ಪಿರಿಯಡ್ ಎಲ್ಲಕ್ಕಿಂತ ಕಷ್ಟ. ಆ ಮೂರು ನಿಮಿಷ ಅನ್ನುವ ಲೆಕ್ಕ ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ಇದೇ ವಾರ ಬೇರೆ ಕಾರಣಗಳನ್ನೂ ನೋಡಿಬಿಡಿ. ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುತ್ತಾನಾ? ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತಾನಾ? ಕಿವಿ ಸೋರುತ್ತಿದೆಯಾ? ಬೆಳಿಗ್ಗೆ ಏನಾದರೂ ತಿಂದು ಬಂದಿದ್ದಾನಾ? ರಾತ್ರಿ ನಿದ್ದೆ ಎಷ್ಟು, ಗೊರಕೆ ಇದೆಯಾ? ಮನೆಯಲ್ಲಿ ಸಾವು, ಜಗಳ, ಊರು ಬಿಟ್ಟು ಬಂದದ್ದು ಏನಾದರೂ ಆಗಿದೆಯಾ? ಇನ್ನೊಂದು ಮುಖ್ಯ ವಿಷಯ. ಮಾತಾಡುತ್ತಾ ಇದ್ದಂತೆಯೇ ಕೆಲವು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಮುಟ್ಟಿದರೂ ಎಚ್ಚರವಾಗದೆ, ಆಮೇಲೆ ಏನೂ ಆಗದವನ ಹಾಗೆ ಕೆಲಸ ಮುಂದುವರಿಸಿದರೆ ಅದು ಒಂದು ಬಗೆಯ ಮೂರ್ಛೆರೋಗವೂ ಇರಬಹುದು. ಅಂಥ ಮಗುವನ್ನು ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಹೆಣ್ಣುಮಕ್ಕಳನ್ನು ಮರೆಯಬೇಡಿ. ಗಲಾಟೆ ಮಾಡುವವನು ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಕೊನೆ ಬೆಂಚಿನಲ್ಲಿ ಕೈಕಟ್ಟಿ ಕೂತು, ಮನಸ್ಸು ಎಲ್ಲೋ ಇಟ್ಟುಕೊಂಡ, ಯಾರಿಗೂ ತೊಂದರೆ ಕೊಡದ ಹುಡುಗಿ ಬೀಳುವುದಿಲ್ಲ. "ಪಾಪ, ಸ್ವಲ್ಪ ಮಂದ" ಅಂದುಬಿಡುತ್ತೇವೆ. ಅವಳಿಗೂ ಇದೇ ತೊಂದರೆ ಇರಬಹುದು.

ಹೆಜ್ಜೆ 2: ಕೂರುವ ಜಾಗ

ಮೊದಲ ಅಥವಾ ಎರಡನೇ ಸಾಲು, ಬಾಗಿಲು ಕಿಟಕಿಯಿಂದ ದೂರ, ನೀವು ಓಡಾಡುವ ದಾರಿಯ ಪಕ್ಕ. ಪಕ್ಕದಲ್ಲಿ ಸಮಾಧಾನದ ಸ್ವಭಾವದ ಮಗು ಇರಲಿ, ಆದರೆ ಆ ಮಗುವಿಗೆ ಕಾವಲಿನ ಕೆಲಸ ಕೊಡಬೇಡಿ. ಒಬ್ಬನನ್ನೇ ಮೂಲೆಯಲ್ಲಿ ಕೂರಿಸಿದರೆ ಅದು ಶಿಕ್ಷೆಯಾಗುತ್ತದೆ. ಬೋರ್ಡಿನ ಸುತ್ತಲಿನ ಗೋಡೆಯಲ್ಲಿ ಚಾರ್ಟು ತುಂಬಿದ್ದರೆ ಹಿಂದಿನ ಗೋಡೆಗೆ ಸಾಗಿಸಿ. ಡೆಸ್ಕಿನ ಮೇಲೆ ಆ ಹೊತ್ತಿಗೆ ಬೇಕಾದ ಪುಸ್ತಕ, ಒಂದು ಪೆನ್ಸಿಲ್. ಕಂಪಾಸ್ ಬಾಕ್ಸ್ ಚೀಲದಲ್ಲಿ ಇರಲಿ.

ಹೆಜ್ಜೆ 3: ಹೇಳುವ ರೀತಿ

"ಎಲ್ಲರೂ ಗಣಿತ ಪುಸ್ತಕ ತೆಗೀರಿ, 52ನೇ ಪುಟ, ಮೊದಲ ಮೂರು ಲೆಕ್ಕ ನೋಟ್‌ಬುಕ್ಕಿನಲ್ಲಿ ಮಾಡಿ, ಮಾರ್ಜಿನ್ ಹಾಕೋದು ಮರೀಬೇಡಿ, ಮುಗಿದವರು ಟೇಬಲ್ ಮೇಲೆ ಇಡಿ." ನಾವೆಲ್ಲ ಹೀಗೇ ಹೇಳುತ್ತೇವೆ. ಒಂದೇ ಉಸಿರಿಗೆ ಐದು ಕೆಲಸ. ಹೇಳಿದ್ದನ್ನು ಮಾಡಿ ಮುಗಿಸುವವರೆಗೆ ತಲೆಯಲ್ಲಿ ಹಿಡಿದಿಡುವ ಶಕ್ತಿ ಈ ಮಕ್ಕಳಿಗೆ ಕಡಿಮೆ. ಪುಸ್ತಕ ತೆಗೆಯುವಷ್ಟರಲ್ಲಿ 52 ಹೋಗಿರುತ್ತದೆ. ಪಕ್ಕದವನನ್ನು ಕೇಳುತ್ತಾನೆ, ಮಾತಾಡಿದ್ದಕ್ಕೆ ಬೈಸಿಕೊಳ್ಳುತ್ತಾನೆ.

ಒಂದೊಂದಾಗಿ ಹೇಳಿ. "ಗಣಿತ ಪುಸ್ತಕ." ಕಾಯಿರಿ. ಪುಟದ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಮಾಡಬೇಕಾದ ಕೆಲಸಗಳನ್ನು 1, 2, 3 ಅಂತ ಅಲ್ಲೇ ಕೆಳಗೆ ಬರೆದು, ಮುಗಿದದ್ದಕ್ಕೆ ಅಡ್ಡಗೆರೆ ಎಳೆಯುತ್ತಾ ಹೋಗಿ. ಇದೇ ಆ ಏಣಿ. ಆಮೇಲೆ ಮಗುವಿನ ಹತ್ತಿರ ಹೋಗಿ, ಹೆಸರು ಹಿಡಿದು, ಮೆಲ್ಲಗೆ ಕೇಳಿ: "ಈಗ ಮೊದಲು ಏನು ಮಾಡ್ತೀಯ?" ಅವನ ಬಾಯಿಂದಲೇ ಬರಲಿ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲಾ ಮಕ್ಕಳೂ "ಆಯ್ತು ಮಿಸ್" ಅಂತಲೇ ಅನ್ನುತ್ತಾರೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಪಾಠದ ಮಧ್ಯೆ ಜಾರಿದಾಗ ಕೋಣೆಗೆಲ್ಲ ಕೇಳುವ ಹಾಗೆ ಹೆಸರು ಕೂಗಬೇಡಿ. ಪಾಠ ಹೇಳುತ್ತಲೇ ಹತ್ತಿರ ಹೋಗಿ ಪುಸ್ತಕದ ಆ ಸಾಲಿನ ಮೇಲೆ ಬೆರಳಿಡಿ. ಇದನ್ನು ಅವನ ಜೊತೆ ಮೊದಲೇ ಮಾತಾಡಿಕೊಂಡಿರಿ: "ನಾನು ಬೆರಳಿಟ್ಟರೆ ನೀನು ಆ ಸಾಲಿಗೆ ಬಾ, ಅಷ್ಟೇ." ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 4: ಕೆಲಸವನ್ನು ತುಂಡು ಮಾಡಿ

ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು, ಬೋರ್ಡಿನಿಂದ ಇಳಿಸಿಕೊಳ್ಳುವ ಕೆಲಸ ಕಡಿಮೆ ಮಾಡಿ. ಗಣಿತದ ಪಿರಿಯಡ್‌ನಲ್ಲಿ ನಾವು ನೋಡಬೇಕಾದದ್ದು ಲೆಕ್ಕ ಬರುತ್ತದಾ ಅಂತ. ನಾನು ಐದು ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅವನ ಡೆಸ್ಕಿನ ಮೇಲೆ ಇಡಲು ಶುರು ಮಾಡಿದೆ. ಬೋರ್ಡು 8 ಅಡಿ ದೂರ, ಚೀಟಿ ಒಂದು ಗೇಣು ದೂರ. ಆ 8 ಅಡಿಯ ಮಧ್ಯೆ ಅವನನ್ನು ಎಳೆಯುವ ವಸ್ತು ನೂರು ಇವೆ, ಒಂದು ಗೇಣಿನ ಮಧ್ಯೆ ಏನೂ ಇಲ್ಲ. ಮೊದಲ ದಿನವೇ ನಾಲ್ಕು ಲೆಕ್ಕ ಮಾಡಿ ಕೊಟ್ಟ.

ಎರಡನೆಯದು, ಮಡಚಿದ ಹಾಳೆ. ಲೆಕ್ಕದ ಹಾಳೆಯನ್ನು ಮೂರು ಮಡಿಕೆ ಮಾಡಿ, ಮೇಲಿನ ಮಡಿಕೆಯ ಎರಡು ಲೆಕ್ಕ ಮಾತ್ರ ಕಾಣುವ ಹಾಗೆ ಕೊಡಿ. ಮುಗಿಸಿ ತೋರಿಸಿದ ಮೇಲೆ ಮುಂದಿನ ಮಡಿಕೆ ಬಿಚ್ಚುವುದು. ಒಟ್ಟು ಕೆಲಸ ಅಷ್ಟೇ ಇರುತ್ತದೆ. ಒಂದೇ ಸಲ ಕಣ್ಣ ಮುಂದೆ ಬರುವುದು ಕಡಿಮೆ. ಪ್ರತಿ ಮಡಿಕೆಗೂ ಎದ್ದು ನಿಮ್ಮ ಟೇಬಲ್ಲಿಗೆ ಬಂದು ಟಿಕ್ ಹಾಕಿಸಿಕೊಂಡು ಹೋಗಲಿ, ಕಾಲಿಗೂ ಕೆಲಸ ಸಿಕ್ಕಿತು.

ಒಂದು ತುಂಡು ಎಷ್ಟಿರಬೇಕು? ಮೊದಲ ವಾರದ ನೋಟ್‌ಬುಕ್ ನೋಡಿ. ಮೂರು ನಿಮಿಷಕ್ಕೆ ಜಾರುವವನಿಗೆ ಎರಡೂವರೆ ನಿಮಿಷದ ಕೆಲಸ ಕೊಡಿ. ಜಾರುವ ಮುಂಚೆ ಮುಗಿಯಬೇಕು. ಒಂದೆರಡು ವಾರ ಆದ ಮೇಲೆ ನಿಧಾನವಾಗಿ ಹೆಚ್ಚಿಸಿ. ಹೊತ್ತು ಹೋಗುವುದು ಈ ಮಕ್ಕಳಿಗೆ ಅಷ್ಟಾಗಿ ತಿಳಿಯುವುದಿಲ್ಲ, ಹಾಗಾಗಿ "ಬೇಗ ಬೇಗ" ಅನ್ನುವುದಕ್ಕಿಂತ ಹೊತ್ತು ಕಣ್ಣಿಗೆ ಕಾಣುವ ಹಾಗೆ ಮಾಡಿ. ಮರಳು ಗಡಿಯಾರ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗೋಡೆ ಗಡಿಯಾರ ತೋರಿಸಿ, "ದೊಡ್ಡ ಮುಳ್ಳು 4ಕ್ಕೆ ಬರುವಷ್ಟರಲ್ಲಿ ಈ ಎರಡು" ಅನ್ನಿ.

ಓದುವಾಗ ಸಾಲು ತಪ್ಪುವವರಿಗೆ ಹಳೆಯ ಲಗ್ನಪತ್ರಿಕೆ ತುಂಬಾ ಉಪಯೋಗ. ಗಟ್ಟಿ ಕಾಗದ ಇರುತ್ತದಲ್ವಾ, ಅದರಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ. ಸಾಲಿನಿಂದ ಸಾಲಿಗೆ ಜಾರಿಸುತ್ತಾ ಓದುತ್ತಾರೆ. ನನ್ನ ತರಗತಿಯಲ್ಲಿ ಎಲ್ಲರಿಗೂ ಮಾಡಿಕೊಟ್ಟೆ. ಒಬ್ಬನಿಗೇ ಕೊಟ್ಟರೆ ಅವನಿಗೆ ಅವಮಾನ, ಎಲ್ಲರಿಗೂ ಕೊಟ್ಟರೆ ಎಲ್ಲರಿಗೂ ಆಟ.

ಹತ್ತು ಲೆಕ್ಕದಲ್ಲಿ ಐದು ಸರಿ ಮಾಡಿದರೆ ಸಾಕು ಅನ್ನಲು ಹೆದರಬೇಡಿ. "ಬೇರೆಯವರಿಗೆ ಅನ್ಯಾಯ ಅಲ್ವಾ" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕನ್ನಡಕ ಹಾಕಿದ ಮಗುವಿನಿಂದ ಬೇರೆ ಮಕ್ಕಳಿಗೆ ಯಾವ ಅನ್ಯಾಯವೂ ಆಗುವುದಿಲ್ಲ ಅಂತ ನಾನು ಹೇಳುತ್ತೇನೆ.

ಹೆಜ್ಜೆ 5: ಓಡಾಟಕ್ಕೆ ಒಂದು ಕೆಲಸ ಕೊಡಿ

ಕಾಲು ಆಡಿಸುವುದು, ಪೆನ್ಸಿಲ್ ತಿರುಗಿಸುವುದು, ನಿಂತು ಬರೆಯುವುದು, ಎಷ್ಟೋ ಮಕ್ಕಳಿಗೆ ಇದೆಲ್ಲ ಎಚ್ಚರವಾಗಿರಲು ಸಹಾಯ ಮಾಡುತ್ತದೆ. ಸದ್ದು ಮಾಡದಿದ್ದರೆ ಬಿಟ್ಟುಬಿಡಿ. ಬೆಂಚಿನ ಎರಡು ಕಾಲಿನ ಮಧ್ಯೆ ಹಳೆಯ ಸೈಕಲ್ ಟ್ಯೂಬ್ ಕಟ್ಟಿದರೆ ಪಾದದಲ್ಲಿ ಒತ್ತುತ್ತಾ ಕೂರಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಹಿಂದಿನ ಸಾಲಿನ ಬದಿಯಲ್ಲಿ ಒಂದು ಕಡೆ ನಿಂತು ಬರೆಯಲು ಜಾಗ ಮಾಡಿಕೊಡಿ.

ಬೋರ್ಡು ಒರೆಸುವುದು, ಹೆಡ್‌ಮಾಸ್ಟರ್ ಹತ್ತಿರ ಹಾಜರಿ ಪುಸ್ತಕ ತೆಗೆದುಕೊಂಡು ಹೋಗುವುದು, ನೋಟ್‌ಬುಕ್ ಹಂಚುವುದು, ಇವನ್ನು ಅವನಿಗೇ ಕೊಡಿ, ಅದೂ ಅವನು ಜಾರುವ ಹೊತ್ತಿಗೆ ಸ್ವಲ್ಪ ಮುಂಚೆ. ಜಾರಿದ ಮೇಲೆ ಕೊಟ್ಟರೆ ಜಾರಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ ಆಗುತ್ತದೆ.

ಆಟದ ಪಿರಿಯಡ್ ಮಾತ್ರ ಯಾವ ಕಾರಣಕ್ಕೂ ಕಸಿಯಬೇಡಿ. "ನೋಟ್ಸ್ ಮುಗಿಸಿದವರು ಮಾತ್ರ ಆಟಕ್ಕೆ" ಅನ್ನುವ ನಿಯಮದಿಂದ ಒಳಗೆ ಉಳಿಯುವವನು ಯಾವಾಗಲೂ ಇವನೇ. ಓಟ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದೂ ಇವನಿಗೇ.

ಹೆಜ್ಜೆ 6: ಆ ಕ್ಷಣದ ಮೆಚ್ಚುಗೆ, ದಿನದ ಚೀಟಿ

"ವರ್ಷದ ಕೊನೆಗೆ ಬಹುಮಾನ" ಅನ್ನುವುದು ಇವರಿಗೆ ತುಂಬಾ ದೂರದ ಮಾತು. ಮೆಚ್ಚುಗೆ ಕೂಡಲೇ ಸಿಗಬೇಕು, ಏನಕ್ಕೆ ಅಂತಲೂ ಗೊತ್ತಾಗಬೇಕು. "ಗುಡ್ ಬಾಯ್" ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. "ಉತ್ತರ ಗೊತ್ತಿದ್ದರೂ ಕೈ ಎತ್ತಿ ಕಾದೆಯಲ್ಲ, ತುಂಬಾ ಇಷ್ಟ ಆಯ್ತು" ಅಂದರೆ ನಾಳೆಯೂ ಕಾಯಲು ನೋಡುತ್ತಾನೆ.

ದಿನದ ಚೀಟಿ ಹೀಗೆ ಮಾಡಿ. ಮೂರೇ ಗುರಿ, ಎಣಿಸಲು ಬರುವಂಥವು: ಕೊಟ್ಟ ತುಂಡು ಕೆಲಸ ಮುಗಿಸಿದೆ, ಕೈ ಎತ್ತಿ ಮಾತಾಡಿದೆ, ಪುಸ್ತಕ ಚೀಲಕ್ಕೆ ಹಾಕಿಕೊಂಡೆ. "ಒಳ್ಳೆಯವನಾಗಿದ್ದೆ" ಅನ್ನುವುದು ಗುರಿ ಅಲ್ಲ. ಪ್ರತಿ ಪಿರಿಯಡ್ ಮುಗಿದಾಗ ಟಿಕ್ ಹಾಕಿ. ಈಗ ಹತ್ತರಲ್ಲಿ ನಾಲ್ಕು ಸಲ ಮಾಡುತ್ತಿದ್ದರೆ ಗುರಿ ಐದು ಇರಲಿ, ಹತ್ತು ಬೇಡ. ಸಂಜೆ ಚೀಟಿ ಮನೆಗೆ ಹೋಗಲಿ, ಮನೆಯವರು ಸಣ್ಣ ಖುಷಿ ಕೊಡಲಿ: ಅಜ್ಜಿ ಕತೆ, ಅಪ್ಪನ ಜೊತೆ ಬೈಕಿನಲ್ಲಿ ಒಂದು ಸುತ್ತು. ಟಿಕ್ ಕಡಿಮೆ ಬಂದ ದಿನ ಹೊಡೆತ ಬೀಳುವ ಮನೆಯಾದರೆ ಚೀಟಿ ಮನೆಗೆ ಕಳಿಸಲೇಬೇಡಿ, ಶಾಲೆಯಲ್ಲೇ ಮುಗಿಸಿ.

ಇಡೀ ತರಗತಿಗೆ ಒಂದು ಆಟ ಇದೆ. 1969ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ 4ನೇ ತರಗತಿಯೊಂದರಲ್ಲಿ ಶುರುವಾದದ್ದು. ಮಕ್ಕಳನ್ನು ಎರಡು ತಂಡ ಮಾಡಿ, ನಿಯಮ ಮೀರಿದ ತಂಡಕ್ಕೆ ಬೋರ್ಡಿನಲ್ಲಿ ಗುರುತು ಹಾಕುತ್ತಿದ್ದರು. ಗುರುತು ಕಡಿಮೆ ಬಂದ ತಂಡ ಗೆಲ್ಲುತ್ತಿತ್ತು, ಎರಡೂ ತಂಡ ಮಿತಿಯೊಳಗೆ ಇದ್ದರೆ ಎರಡೂ ಗೆಲ್ಲಬಹುದಿತ್ತು. ನಾನು ಅದನ್ನು ತಿರುಗಿಸಿ, ಸರಿ ಮಾಡಿದ್ದಕ್ಕೆ ಗುರುತು ಹಾಕುತ್ತೇನೆ. ತಪ್ಪಿಗೆ ಗುರುತು ಹಾಕಿದರೆ ಇಡೀ ತಂಡ ಆ ಒಬ್ಬ ಮಗುವಿನ ಮೇಲೆ ಬೀಳುತ್ತದೆ. ಅದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ, ಮತ್ತೆ ನೋಡಲು ಇಷ್ಟವಿಲ್ಲ.

ಹೆಜ್ಜೆ 7: ತಪ್ಪಾದಾಗ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. "ನಿನ್ನ ತಂಗಿ ನೋಡಿ ಕಲಿ" ಅನ್ನುವುದು, ಎಲ್ಲರ ಮುಂದೆ ಪುಸ್ತಕ ಎತ್ತಿ ತೋರಿಸಿ ನಗಿಸುವುದು, ಇವೂ ಕಿರುಕುಳವೇ. ತಪ್ಪಿಗೆ ಪರಿಣಾಮ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಸಣ್ಣದಿರಲಿ, ಕೂಡಲೇ ಇರಲಿ, ಪ್ರತಿ ಸಲ ಒಂದೇ ಇರಲಿ. ನೀರು ಚೆಲ್ಲಿದರೆ ಒರೆಸುವುದು. ಪಕ್ಕದವನ ಪೆನ್ಸಿಲ್ ಮುರಿದರೆ ತನ್ನದು ಕೊಡುವುದು. ಐದು ಪದಗಳಲ್ಲಿ ಹೇಳಿ ಮುಗಿಸಿ, ಉಪದೇಶ ಬೇಡ. ಮತ್ತೆ ಸರಿ ಮಾಡಿದ ಕೂಡಲೇ ಅದನ್ನು ಗುರುತಿಸಿ.

ಹೆಜ್ಜೆ 8: ಮನೆಯವರ ಜೊತೆ ಮಾತು, ಮುಂದಿನ ದಾರಿ

ಕಾಯಿಲೆಯ ಹೆಸರು ನಮ್ಮ ಬಾಯಿಂದ ಬರಬಾರದು. ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು, ಇದನ್ನೆಲ್ಲ ನೋಡಿ ತೀರ್ಮಾನಿಸುವುದು ಡಾಕ್ಟರ ಕೆಲಸ. ನಮ್ಮ ಹತ್ತಿರ ಇರುವುದು ಆ ನೋಟ್‌ಬುಕ್. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ಕಷ್ಟ.

ತಾಯಿ ಬಂದಾಗ ಮೊದಲು ಮಗು ಚೆನ್ನಾಗಿ ಮಾಡುವ ಎರಡು ವಿಷಯ ಹೇಳಿ. ಶಾಲೆಯಿಂದ ಕರೆ ಬಂದರೆ ದೂರು ಅಂತಲೇ ಅವರು ಬಂದಿರುತ್ತಾರೆ. ಆಮೇಲೆ: "ಅಮ್ಮಾ, ಅವನಿಗೆ ಮಗ್ಗಿ ಚೆನ್ನಾಗಿ ಬರುತ್ತೆ. ಬರೆಯುವಾಗ ಮಾತ್ರ ಮನಸ್ಸು ನಿಲ್ಲುತ್ತಿಲ್ಲ. ಮನೆಯಲ್ಲಿ ಹೇಗಿರ್ತಾನೆ? ಒಮ್ಮೆ ಡಾಕ್ಟರಿಗೆ ತೋರಿಸೋಣ, ನಾನು ನೋಡಿದ್ದೆಲ್ಲ ಬರೆದು ಕೊಡ್ತೀನಿ." ಇಷ್ಟೇ. ಅಪ್ಪನನ್ನೂ ಕರೆಯಿರಿ. ಎಲ್ಲಾ ಹೊರೆ ತಾಯಿಯ ಮೇಲೆ ಹಾಕುವ ಅಭ್ಯಾಸ ನಾವು ಬಿಡಬೇಕು.

ಎಲ್ಲಿಗೆ ಹೋಗಬೇಕು? ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ಆರೋಗ್ಯ ತಪಾಸಣೆಯ ಪಟ್ಟಿಯಲ್ಲಿ ಇದೂ ಇದೆ. ತಂಡ ಬಂದ ದಿನ ಈ ಮಗುವನ್ನು ಮರೆಯದೆ ತೋರಿಸಿ. ಬಿಆರ್‌ಸಿಯಲ್ಲಿರುವ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗೂ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೂ ತಿಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಓದು ಬರಹದಲ್ಲೂ ಜಾಸ್ತಿ ಹಿಂದೆ ಇದ್ದರೆ ಕಲಿಕಾ ನ್ಯೂನತೆ ಇದೆಯಾ ಅಂತಲೂ ಪರೀಕ್ಷೆ ಮಾಡಿಸಲು ಹೇಳಿ. ಎಷ್ಟೋ ಮಕ್ಕಳಲ್ಲಿ ಎರಡೂ ಜೊತೆಗೆ ಇರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ.

ಮಾತ್ರೆ ಕೊಡಬೇಕೋ ಬೇಡವೋ ಅನ್ನುವುದು ಡಾಕ್ಟರು ಮತ್ತು ಮನೆಯವರಿಗೆ ಬಿಟ್ಟದ್ದು. "ಮಾತ್ರೆ ಕೊಡಬೇಡಿ, ಮಂದ ಆಗ್ತಾನೆ" ಅಂತ ನಾವು ಹೇಳಬಾರದು, "ಮಾತ್ರೆ ಕೊಟ್ಟು ಕಳಿಸಿ" ಅಂತಲೂ ಹೇಳಬಾರದು. ಶುರು ಮಾಡಿದ್ದರೆ ಯಾವ ಪಿರಿಯಡ್‌ನಲ್ಲಿ ಹೇಗಿದ್ದ ಅಂತ ಬರೆದು ಕೊಡಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಅನ್ನುವ ಔಷಧ ತೆಗೆದುಕೊಳ್ಳುವ ಮಕ್ಕಳಿಗೆ ಹಸಿವು ಕಡಿಮೆಯಾಗುವುದುಂಟು, ಹಾಗಾಗಿ ಬಿಸಿಯೂಟದಲ್ಲಿ ಎಷ್ಟು ಉಣ್ಣುತ್ತಾನೆ ಅಂತ ನೋಡಿಕೊಳ್ಳಿ, ಮನೆಯವರಿಗೆ ಹೇಳಿ.

ಹೆಜ್ಜೆ 9: ನಾಲ್ಕು ವಾರ, ಆಮೇಲೆ ಏಪ್ರಿಲ್

ಎಲ್ಲಾ ಹೆಜ್ಜೆಗಳನ್ನೂ ಒಟ್ಟಿಗೆ ಶುರು ಮಾಡಬೇಡಿ. ಜಾಗ ಮತ್ತು ತುಂಡು ಕೆಲಸ ಮೊದಲು. ನಾಲ್ಕು ವಾರ ಬಿಡದೆ ಮಾಡಿ, ಮತ್ತೆ ಐದೈದು ನಿಮಿಷ ನೋಡಿ ಮೊದಲ ವಾರದ ಬರಹದ ಜೊತೆ ಹೋಲಿಸಿ. ಮೂರು ನಿಮಿಷ ಐದಾಗಿದ್ದರೆ ಅದು ದೊಡ್ಡ ವಿಷಯ. ಮಧ್ಯೆ ಕೆಟ್ಟ ದಿನಗಳು ಬರುತ್ತವೆ, ಹಬ್ಬದ ರಜೆ ಮುಗಿದ ವಾರವಂತೂ ಖಂಡಿತ.

ವರ್ಷ ಮುಗಿಯುವಾಗ ಒಂದು ಪುಟ ಬರೆದು ಮುಂದಿನ ತರಗತಿಯ ಟೀಚರಿಗೆ ಕೊಡಿ. ಇಲ್ಲದಿದ್ದರೆ ಜೂನ್‌ನಲ್ಲಿ ಮಗು ಮತ್ತೆ ಮೊದಲಿನಿಂದ ಬೈಸಿಕೊಳ್ಳಬೇಕಾಗುತ್ತದೆ. ಆ ಹುಡುಗನ ಬಗ್ಗೆ ನಾನು ಬರೆದು ಕೊಟ್ಟದ್ದು ಇಷ್ಟು: "ಎರಡನೇ ಸಾಲು, ಗೋಡೆ ಬದಿ ಕೂರಿಸಿ. ಬೋರ್ಡಿನಿಂದ ಇಳಿಸಿಕೊಳ್ಳಲು ಹೇಳಬೇಡಿ, ಚೀಟಿ ಕೊಡಿ. ಈಗ ಏಳು ನಿಮಿಷ ಒಂದೇ ಕೆಲಸ ಮಾಡುತ್ತಾನೆ. ಊಟಕ್ಕೆ ಮುಂಚಿನ ಪಿರಿಯಡ್‌ನಲ್ಲಿ ಒಮ್ಮೆ ಎದ್ದು ಓಡಾಡುವ ಕೆಲಸ ಬೇಕು. ಪುಸ್ತಕದ ಮೇಲೆ ಬೆರಳಿಟ್ಟರೆ ಸಾಲಿಗೆ ಬರುತ್ತಾನೆ. ಮಗ್ಗಿ 15ರವರೆಗೆ ಬರುತ್ತದೆ, ಬಾಯಲ್ಲಿ ಕೇಳಿ ನೋಡಿ."